ಉದ್ದ ಇಳಿಸುವುದು ಮಾತ್ರ

ಪೇಂಟರ್ ತಾಯಪ್ಪ ಏಣಿಯ ಮೇಲೆ ನಿಂತು ಕೇಳಿದ:
"ಎಲ್ಲಾ ಅಳಿಸಿಬಿಡ್ಲೇನಬೇ?"
ಅಕ್ಷರಕ್ಕಿಷ್ಟು ಅಂತ ದುಡ್ಡು ಎಣಿಸುವವನು,
ಅವನ ಮುಖ ನೋಡಬೇಕಿತ್ತು.

ಕೌಲ್‌ಬಜಾರಿನ ಬಿಸಿಲಿಗೆ ಸಿಪ್ಪೆ ಎದ್ದ ಬೋರ್ಡಿನಲ್ಲಿ
ಬ್ಲೌಸು, ಚೂಡಿದಾರ, ಸಾಲಿ ಯೂನಿಫಾರಂ, ಸಫಾರಿ,
ಪಿಕೋ, ಫಾಲು, ದಿಂಬಿನ ಗವಸು, ಚೀಲದ ಜಿಪ್ಪು,
ಕೊನೆಗೆ ಸಣ್ಣಕ್ಷರದಲ್ಲಿ ಇತ್ಯಾದಿ.
ಆ ಇತ್ಯಾದಿಯೇ ನನ್ನನ್ನು ತಿಂದದ್ದು.

ಬಿಸ್ಕತ್ತಿನ ಡಬ್ಬಿಯಲ್ಲಿ ನೂರಾ ಹನ್ನೊಂದು ರೀಲು.
ಗಿಣಿಹಸಿರು ಬೇಕೆಂದರೆ ಪಾಚಿಹಸಿರು ಕೈಗೆ,
ಪಾಚಿ ಕೇಳಿದರೆ ಮೂರೂ ಸಿಕ್ಕುಬಿದ್ದು ಒಂದೇ ಜಡೆ.
ಪೋಣಿಸಿ, ಬಿಚ್ಚಿ, ಮತ್ತೆ ಪೋಣಿಸಿ
ಹೊಲಿದದ್ದು ಗೇಣುದ್ದ, ಹುಡುಕಿದ್ದು ದಿನವುದ್ದ.
ಒಂದು ಸಂಜೆ ಕರೆಂಟು ಹೋಯಿತು.
ಮೊಬೈಲ್ ಬೆಳಕಿನಲ್ಲಿ ಎಣಿಸಿದೆ:
ಒಂದೇ ತೋಳಿನ ಅಂಗಿ ಏಳು.
ಅದರಲ್ಲೊಂದಕ್ಕೆ ಬೇರೆಯವರ ತೋಳು.

ಎದುರಿಗೇ ಜೀನ್ಸಿನ ಗೋದಾಮು.
ಊರೆಲ್ಲ ಹೊಲಿದು ಲಾರಿ ತುಂಬಿಸುವ ಪ್ಯಾಂಟು
ಯಾರ ಕಾಲಿಗೂ ನೇರ ಬರುವುದಿಲ್ಲ,
ಎಲ್ಲರಿಗೂ ನಾಲ್ಕು ಬೆರಳು ಉದ್ದ.
ಇಷ್ಟು ದಿನ ಕಣ್ಣೆದುರಿದ್ದ ನಾಲ್ಕು ಬೆರಳು
ನನಗೆ ಕಂಡಿರಲಿಲ್ಲ.

"ಬರಿ," ಎಂದೆ ತಾಯಪ್ಪನಿಗೆ,
"ಜೀನ್ಸ್ ಉದ್ದ ಇಳಿಸಲಾಗುವುದು."
"ಹೆಸರು?"
"ಹೊನ್ನೂರಬಿ ಅಂದ್ರ ಓಣಿಗೇ ಗೊತ್ತು. ಬ್ಯಾಡ ಬಿಡು."
ಬೋರ್ಡಿನ ಮುಕ್ಕಾಲು ನೀಲಿ ಖಾಲಿ ಉಳಿಯಿತು.
ಕನಿಕರಪಟ್ಟು ಅವನು
ಪುಕ್ಕಟೆ ಒಂದು ಕತ್ತರಿ ಬರೆದುಕೊಟ್ಟ.

ಸರೋಜಾ ಟೀಚರ್ ಸಿಟ್ಟಾದರು. ಅವರ ಹದಿನಾಲ್ಕು ವರ್ಷದ ಅಳತೆ
ನನ್ನ ಹಳೆ ನೋಟುಬುಕ್ಕಿನಲ್ಲೇ ಉಳಿದಿದೆ,
ವರ್ಷಕ್ಕೆ ಅರ್ಧ ಇಂಚು ಹಿಗ್ಗುತ್ತ.
ಮದುವೆ ಸೀಸನ್ನಿನಲ್ಲಿ ಕೈ ತುರಿಸುತ್ತದೆ,
ಸುಳ್ಳೇಕೆ ಹೇಳಲಿ.
ಪಕ್ಕದ ಮನೆ ಹುಡುಗಿಯ ಚೀಲದ ಜಿಪ್ಪು ಮಾತ್ರ
ಬಾಗಿಲು ಮುಂದೆ ಮಾಡಿ, ಕದ್ದು ಹಾಕಿಕೊಡುತ್ತೇನೆ.

ಈಗ ಒಂದೇ ದಾರ, ಸುಟ್ಟ ಬೆಲ್ಲದ ಬಣ್ಣದ್ದು.
ಒಂದೇ ಸೂಜಿ, ಹದಿನಾರು ನಂಬರು.
ಅಳೆ, ಕತ್ತರಿಸು, ಮಡಚು, ಓಡಿಸು.
ದಿನಕ್ಕೆ ಅರವತ್ತು ಕಾಲು,
ಅಂದರೆ ಮೂವತ್ತು ಮಂದಿ, ಶುಕ್ರವಾರ ಬಿಟ್ಟು.
ಕತ್ತರಿಸಿದ ಬಳೆಬಳೆ ತುಂಡು ಮೂಲೆಯಲ್ಲಿ ಗುಡ್ಡೆ,
ಅದರ ಮೇಲೆ ಯಾರದೋ ಬೆಕ್ಕು.

ಲೆಕ್ಕ ಕೇಳುವವರಿಗೆ ಇಷ್ಟು ಹೇಳುತ್ತೇನೆ.
ಕೇಳದವರಿಗೆ ಇನ್ನೊಂದು:
ಬಾಬಿನ್ನಿನ ದಾರ ಮುಗಿಯುವ ತುಸು ಮೊದಲು
ಮಿಷನ್ನಿನ ಸದ್ದು ಒಂಚೂರು ತೆಳ್ಳಗಾಗುತ್ತದೆ.
ಇಪ್ಪತ್ತೆರಡು ವರ್ಷ ತುಳಿದಿದ್ದೇನೆ ಇದೇ ಪೆಡಲು.
ಕೇಳಿಸಿದ್ದು ಈ ಬೇಸಿಗೆ.