ಎಡಕ್ಕೋ ಬಲಕ್ಕೋ

ಗಾಳಿ ಹೋದ ಮ್ಯಾಲ ನಮ್ಮ ಗಾಡಿ ಹೋಗತೈತಿ.
ಹನ್ನೊಂದು ವರ್ಷ ಆತು, ಒಮ್ಮೆನೂ ಅದರಕಿಂತ ಮೊದಲ ಮುಟ್ಟಿಲ್ಲ.
ಹಿಟ್ಟಿನಹಳ್ಳಿ ಕಾಲೇಜಿನ ಗೇಟು ದಾಟೂದರಾಗ
ಫೋನಿನ್ಯಾಗ ಯಾರೋ ಒದರತಿರತಾರ:
ಹೊನವಾಡದಾಗ ಶೆಡ್ಡು ಹಾರೇತ್ರಿ,
ತಿಕೋಟಾದಾಗ ದ್ರಾಕ್ಷಿ ಹಂದರ ಮಲಗೇತ್ರಿ.
ಮುಂದಿನ ಸೀಟಿನ್ಯಾಗ ಸುಗಲಾ ಮೇಡಮ್ಮಾರು,
ಉಡಿಯಾಗ ಟೇಪು, ದಿಕ್ಸೂಚಿ, ನೀಲಿ ರಟ್ಟಿನ ವಹಿ.
ನಾ ದಸ್ತಗೀರ, ಸ್ಟೇರಿಂಗು ಹಿಡಿಯಾಂವ,
ಟೇಪಿನ ಇನ್ನೊಂದು ತುದಿ ಹಿಡಿಯಾಂವನೂ ನಾನ.

ತಲಾಟಿ ಬಂದ್ರು ಅಂತ ಮಂದಿ ಓಡಿ ಬರತಾರ
ಆಧಾರ ಕಾರ್ಡಿನ ಝೆರಾಕ್ಸು ಹಿಡಕೊಂಡು.
ಪರಿಹಾರ ನನ್ನ ಕಡೆ ಇಲ್ರಪಾ ಅಂತ ಮೊದಲ ಹೇಳತಾರ,
ಹೇಳೂ ಮುಂದ ದನಿ ಸಣ್ಣ ಆಗತೈತಿ.
ಆಮ್ಯಾಲ ಶುರು:
ಸಪ್ಪಳ ಹೆಂಗಿತ್ತು? ಕಿವಿ ಗಪ್ಪಂತ ಮುಚ್ಚಿದ್ವೇನು?
ಯಾವ ತಗಡು ಮೊದಲ ಎದ್ದಿತು?
ಒಣದ್ರಾಕ್ಷಿ ಎಲ್ಲಿ ತನಕ ಹೋಗಿ ಬಿತ್ತು?

ರೈಲು ಬಂದಂಗ, ಅಂತಾನ ರೈಲು ಹತ್ತದವ.
ಹತ್ತು ಮಂದಿ ಕೂಡಿ ಪತ್ತಲ ಹರದಂಗ, ಅಂತಾಳ ಸಾಬವ್ವ.
ಸಪ್ಪಳನ ಇರಲಿಲ್ರಿ, ಅದಕ್ಕ ಅಂಜಿಕಿ ಬಂತು,
ಅಂದಾಂವ ಒಬ್ಬ ಹುಡುಗ.
ಅವರು ಎಲ್ಲಾ ಬರಕೊಂಡರು,
ಹುಡುಗಂದು ಎರಡು ಸಲ.

ಹಂದರದ ಕಂಬ ಎಲ್ಲಾ ಒಂದ ದಿಕ್ಕಿಗೆ ಬಿದ್ದಿದ್ರ
ಅದು ಬರೇ ಹೊಡದು ಹೋದ ಗಾಳಿ.
ಒಂದು ಅತ್ತ, ಒಂದು ಇತ್ತ,
ತಲಿಗೆ ತಲಿ ಹಚ್ಚಿ ಮಲಗಿದ್ರ
ತಿರುಗಿದ ಗಾಳಿ.
ದೂರದ ರಡಾರು ಎತ್ತರದ ಮೋಡ ಓದತೈತಂತ,
ನೆಲ ಸವರಿ ಹೋಗೂದಕ್ಕ ಕುರುಡಂತ.
ಆ ಕುರುಡಿನ ಕೆಳಗ ನಮ್ಮ ನೌಕರಿ ದಸ್ತಗೀರ,
ಅಂತ ನಗತಾರ, ಕಟಕ ರೊಟ್ಟಿ ಮುರಕೋತ.
ನಗೂದರಾಗ ಒಂದು ಹಸಿವು ಐತಿ, ರೊಟ್ಟೀದಲ್ಲ.
ಹೆಜ್ಜಿ ಅಳದು ಅಳದು ಕೂದಲ ಬೆಳ್ಳಗಾತು,
ಹುಲಿ ಕಂಡಿಲ್ಲ.

ಮೇ ತಿಂಗಳು, ಇಟ್ಟಂಗಿಹಾಳದ ಆಚಿ.
ನಿನ್ನೆ ಬಿದ್ದ ಶೆಡ್ಡು. ಗಂಧಕದ ವಾಸನಿ ಇನ್ನೂ ಇತ್ತು.
ಕಾಂಕ್ರೀಟಿನಿಂದ ಕಿತ್ತ ಒಂದು ಬೋಲ್ಟಿನ ಮುಂದ
ಅವರು ಮೊಣಕಾಲೂರಿ ಕುಂತಿದ್ರು, ಪಡುವಣಕ್ಕ ಬೆನ್ನು.
ನಾ ನಲವತ್ತೇಳು ಫೂಟು ದೂರ, ಟೇಪು ಹಿಡಕೊಂಡು.
ಟೇಪು ಗುಂಯ್ ಅಂದಿತು ಮೊದಲ.
ಆಮ್ಯಾಲ ಎರಿ ನೆಲ ಎದ್ದು ನಿಂತಿತು.

ಕೂಗಬೇಕಂದ್ರ ಬಾಯಾಗ ಮಣ್ಣು.
ಹಳ್ಳದ ಆ ದಂಡಿಗುಂಟ ಹೋತು,
ಒಬ್ಬರ ಹಸರು ಜಾಳಿಗಿ, ಒಬ್ಬರ ಪತ್ರಾ,
ನನ್ನ ಕೈಯಾಗಿನ ಟೇಪು ಕಸಕೊಂಡು.
ಅವರು ಹೊಳ್ಳಿ ನೋಡೂದರಾಗ
ಬರೇ ಧೂಳ. ಉರುಳೂ ಒಂದು ನೀಲಿ ಡ್ರಮ್ಮು.

ನೀರು ಕೊಟ್ಟರು. ಎದುರು ಕುಂತರು. ವಹಿ ತಗದರು.
ಸಪ್ಪಳ ಹೆಂಗಿತ್ತು?
ಹನ್ನೊಂದು ವರ್ಷ ಕೇಳಿದ ಪ್ರಶ್ನಿ,
ಉತ್ತರ ಬಾಯಿಪಾಠ ಇದ್ದಾಂವ ನಾನು.
ಗೊತ್ತಿಲ್ರಿ.
ಎಡಕ್ಕೋ ಬಲಕ್ಕೋ ತಿರುಗಿದ್ದು?
ಗೊತ್ತಿಲ್ರಿ, ಖರೇನ ಗೊತ್ತಿಲ್ರಿ.

ಕಣ್ಣು ಮುಚ್ಚು. ಕೈ ಎತ್ತು.
ಅದು ಹೆಂಗ ಮಾಡಿತೋ ಹಂಗ ಮಾಡು.

ಕೈ ತಾನ ಹೊಂಟಿತು,
ಬೀಸೂ ಕಲ್ಲಿನ ಗೂಟ ಹಿಡದಂಗ, ಎಡಕ್ಕ.
ಮತ್ತೊಮ್ಮೆ ಅಂದರು. ಎಡಕ್ಕ.
ಅರ್ಧ ತಾಸು ಬಿಟ್ಟು, ಚಾ ಕುಡಿಸಿ, ಮತ್ತೊಮ್ಮೆ. ಎಡಕ್ಕ.
ಬರದದ್ದು ನಾ ಓದಿದ್ನಿ, ತಲಿಕೆಳಗಿಂದ:
ಸಾಕ್ಷಿ, ಚಾಲಕ, ವಯಸ್ಸು ನಲವತ್ತಾರು.
ಬಾಯಿಗೆ ನೆನಪಿಲ್ಲ, ಕೈಗೆ ಇದೆ.

ಆಮ್ಯಾಲ ಪೆನ್ನು ಮುಚ್ಚಿ
ಪಡುವಣದ ಕಡೆ ಬಾಳೊತ್ತು ನೋಡಿದ್ರು,
ಬಸ್ಸು ತಪ್ಪಿದವರು ರಸ್ತೆ ನೋಡಿದಂಗ.
ಏನು ಅನ್ನಬೇಕೋ ತಿಳೀಲಿಲ್ಲ ನನಗ.
ಟೇಪು ಹುಡುಕೂಣು ನಡಿ, ಅಂದರು.
ಕತ್ತಲಾಗೂ ತನಕ ಹುಡುಕಿದ್ವಿ, ಸಿಗಲಿಲ್ಲ.

ಈಗೂ ತಿಕೋಟಾ ನಾಕಾದಾಗ
ಸ್ಟೇರಿಂಗು ಎಡಕ್ಕ ಹೊರಳಿಸೂ ಮುಂದ
ಅವರು ರಸ್ತೆ ನೋಡಂಗಿಲ್ಲ,
ನನ್ನ ಕೈ ನೋಡತಾರ.