ಮೂರೋ ಎಂಟೋ

ಮಂಡಿ ಮೊಹಲ್ಲಾದ ಆ ಅಂಗಡಿಗೆ ಬೋರ್ಡಿಲ್ಲ.
ಇಲೆಕ್ಷನ್ ಬಂತೆಂದರೆ ಮಾತ್ರ ಬಾಗಿಲಲ್ಲಿ ಸಾಲು:
ಠಾಣೆಗೆ ಒಪ್ಪಿಸುವ ಮುನ್ನ
ಕೋವಿಯ ನಂಬರು ಓದುವಂತಿರಬೇಕು.

ಖಲೀಲ್ ಮೇಸ್ತ್ರಿ ನನಗೆ ಮೊದಲು ಕಲಿಸಿದ್ದು ಒರೆಸುವುದು.
ಬಟ್ಟೆ ಮುಟ್ಟಬೇಡ, ಬಟ್ಟೆಗೆ ನಾಲಿಗೆ ಉದ್ದ,
ಗೀರಿನೊಳಗಿನದನ್ನೂ ನೆಕ್ಕಿಬಿಡುತ್ತೆ.
ಹಳೇ ಲಗ್ನಪತ್ರಿಕೆ ಬೆರಳಿಗೆ ಒತ್ತಿ
ಅಡ್ಡಡ್ಡ ಎಳಿ. ಮೇಲಿನದು ಹೋಗಲಿ,
ಒಳಗಿನದು ಇರಲಿ.
ಎಷ್ಟು ಮದುವೆಗಳು ಬಿಳಿ ಬಣ್ಣ ಒರೆಸಿ
ಕಸದ ಡಬ್ಬಿ ಸೇರಿದವೋ.

ಸರಗೂರಿನ ಮೊದಲ ಬಸ್ಸಿಗೆ ಬಂದಳು ಸಣ್ಣಮಾದಮ್ಮ,
ಗೋಣಿಚೀಲದಲ್ಲಿ ಗಂಡನ ಒಂಟಿನಳಿಗೆ,
ಬ್ಲೌಸಿನೊಳಗೆ ಮಡಿಸಿದ ಮರಣಪತ್ರ,
ಮೂವತ್ತು ವರ್ಷದ ಲೈಸೆನ್ಸು.
ಹಂದಿಗೆ ಗುರಿಯಿಟ್ಟಿದ್ದು ಎರಡೇ ಸಲವಂತೆ,
ಎರಡು ಸಲವೂ ಹುಣಸೆಮರಕ್ಕೆ ಬಿತ್ತಂತೆ.
ಹೇಳಿ ನಕ್ಕಳು, ಸೆರಗು ಬಾಯಿಗೊತ್ತಿ.

ಪೆಟ್ರೋಲಿನಲ್ಲಿ ತೊಳೆದೆ. ಹಲ್ಲುಜ್ಜುವ ಬ್ರಷ್ಷಿಗೆ
ಎಣ್ಣೆ, ಅಟ್ಟದ ಹೊಗೆ, ಒಂದೆಳೆ ಜೇಡನೂಲು.
ಬೆಂಕಿಕಡ್ಡಿಯ ತುದಿಯಲ್ಲಿ ಎನಾಮಲ್ ತುಂಬಿದೆ:
ಒಂದು, ಏಳು, ಸೊನ್ನೆ, ನಾಲ್ಕು.
ಕೊನೆಯದಕ್ಕೆ
ಬಣ್ಣ ಅರ್ಧ ಸುತ್ತಿ ನಿಂತುಬಿಟ್ಟಿತು.
ಮೂರು.
ಲೈಸೆನ್ಸಿನಲ್ಲಿ ಎಂಟು.

'ಎಂಟೇ ಕಣ್ ಸಾಮಿ, ನಮ್ಮೆಜಮಾನ್ರು
ಎಂಟು ಅಂತ್ಲೇ ಹೇಳೋರು, ನಿದ್ದೇಲೂ.
ಒಂಚೂರು ಆಕಡೀಕೂ ಬಳ್ದ್‌ಬುಡಿ.'

ಕಡ್ಡಿ ನನ್ನ ಕೈಯಲ್ಲಿತ್ತು. ಎರಡು ಬೊಟ್ಟು ಬಣ್ಣ,
ಮಧ್ಯಾಹ್ನದ ಬಸ್ಸಿಗೇ ಹೊರಡಬಹುದಿತ್ತು ಆಕೆ.
ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಬಂದರು,
ಅಂಕಿಯ ಎಡಕ್ಕೆ ಉಗುರಾಡಿಸಿದರು: ನುಣುಪು.
'ಕಬ್ಬಿಣ ಹೇಳಿದ್ದಕ್ಕೆ ಬಣ್ಣ ಹಿಡಿಯುತ್ತೆ ತಾಯಿ.
ಹೇಳದ್ದಕ್ಕೆ ಹಚ್ಚಿದರೆ
ಪೊಲೀಸಿನವರ ಹೆಬ್ಬೆಟ್ಟಿಗೇ ಎದ್ದು ಬರುತ್ತೆ.'

ಬಹಳ ಹೊತ್ತು ಆ ಮೂರನ್ನು ನೋಡಿದಳು.
ಯಾವ ಗುಮಾಸ್ತ, ಯಾವ ಮಧ್ಯಾಹ್ನ ತೂಕಡಿಸಿದನೋ,
ಅವನು ಮುಚ್ಚಿದ ಸೊನ್ನೆಗಳೆರಡು
ಮೂವತ್ತು ವರ್ಷ ಆಕೆಯ ಮನೆಯಲ್ಲಿ ಉಂಡು ಮಲಗಿದ್ದವು.
ಆಮೇಲೆ ಕೇಳಿದಳು:
'ಹಂಗಾರೆ ಆ ಎಂಟಿರೋ ಕೋವಿ
ಯಾರ ಮನೇಲದೆ?'

ಮೇಸ್ತ್ರಿಗೆ ಗೊತ್ತಿರಲಿಲ್ಲ. ನನಗೂ.
ಲಗ್ನಪತ್ರಿಕೆಯ ಚೂರು ಬೆರಳಿಗೊತ್ತಿ ಎಳೆದೆ.
ಮೂರು ಉಳಿಯಿತು, ಇನ್ನೂ ಹಸಿ.
'ಸಂಜೆವರೆಗೂ ಮುಟ್ಟಬೇಡಿ' ಎಂದೆ.
ಆಕೆ ಚೀಲದ ಬಾಯಿ ಕಟ್ಟಲಿಲ್ಲ.
ಬಣ್ಣ ಆರಲೆಂದು ನಳಿಗೆಯ ಆ ಗೇಣುದ್ದವನ್ನು
ಬಿಸಿಲಿಗೆ ಬಿಟ್ಟು, ಹೆಗಲಿಗೇರಿಸಿ,
ಡಿ.ಸಿ. ಆಫೀಸು ಯಾವ ಕಡೆಗೆ ಎಂದಳು.