ಗಾರ್ಸೈಡ್ ಬೀದಿಯ ನಡುಗೆರೆ

ಎಂಟೂ ಇಪ್ಪತ್ತಕ್ಕೆ ರಸ್ತೆಗಿಳಿಯುತ್ತೇನೆ,
ಹಳದಿ ಕೋಟು, ‘ನಿಲ್ಲಿ’ ಎಂದು ಬರೆದ ದುಂಡು ಫಲಕದ ಕೋಲು.
ಇಟ್ಟಿಗೆ ಲಾರಿ ನಿಲ್ಲುತ್ತದೆ, ಹಾಲಿನ ವ್ಯಾನು ನಿಲ್ಲುತ್ತದೆ,
ಕಪ್ಪು ಕಾರಿನ ಆ ಅವಸರದವನೂ ನಿಲ್ಲುತ್ತಾನೆ, ಗೊಣಗಿಕೊಂಡು.
ಮಕ್ಕಳು ದಾಟುತ್ತವೆ.
ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ನಾನು ನಿಲ್ಲುವಲ್ಲೇ ಒಂದು ಗೆರೆ ಇದೆ.
ಟಾರಿನ ಮೇಲಿನ ಬಿಳಿಯದ್ದಲ್ಲ,
ಕೌನ್ಸಿಲ್ಲಿನ ನಕ್ಷೆಯಲ್ಲಿ, ನೇರಳೆ ಬಣ್ಣದ್ದು.
ಬೀದಿಯ ನಟ್ಟನಡುವೆ ಹರಿದು
ಬೆಸಸಂಖ್ಯೆಯ ಮನೆಗಳನ್ನು ಒಳಗೆಳೆದುಕೊಂಡು
ಸಮಸಂಖ್ಯೆಯವನ್ನು ಹೊರಗೆ ಬಿಟ್ಟಿದೆ.
ಒಳಗಿನವರಿಗೆ ಮೂರ್‌ಗೇಟ್ ಶಾಲೆಯಲ್ಲಿ ಮೊದಲ ಹಕ್ಕು.
ಹೊರಗಿನವರಿಗೆ? ಎಂದು ಯಾರೋ ಸಭೆಯಲ್ಲಿ ಕೇಳಿದ್ದರಂತೆ.
ಅವರಿಗೇನು, ಬಾಗಿಲಲ್ಲೇ ಸೇಂಟ್ ಆಸ್ವಿನ್ ಇದೆಯಲ್ಲ.

ಇದೆ.
ಕಿಟಕಿ ತೆರೆದರೆ ಅದರ ಗಂಟೆ,
ಅದರ ಅಡುಗೆಮನೆಯ ಬೆಂದ ಕೋಸಿನ ವಾಸನೆ.
ಆದರೆ ಅದು ಚರ್ಚಿನ ಶಾಲೆ, ಅದಕ್ಕೆ ತನ್ನದೇ ಲೆಕ್ಕ:
ಸರಕಾರದ ಆಸರೆಯಲ್ಲಿರುವ ಮಕ್ಕಳು ಮೊದಲು,
ಆಮೇಲೆ ತಿಂಗಳಿಗೆರಡು ಸಲವಾದರೂ ಪ್ರಾರ್ಥನೆಗೆ ಬಂದವರ ಮಕ್ಕಳು,
ಅಕ್ಕನೋ ಅಣ್ಣನೋ ಅಲ್ಲೇ ಓದುತ್ತಿರುವವರು,
ಉಳಿದರೆ ಹತ್ತಿರದವರು.
ಮೂವತ್ತು ಸೀಟು. ಉಳಿಯುವುದಿಲ್ಲ.

ಬಂದವರು ಯಾರೆಂದು ಹೇಳುವ ಪುಸ್ತಕ
ಚರ್ಚಿನ ಬಾಗಿಲ ಬಳಿ, ಹೂದಾನಿಯ ಪಕ್ಕ,
ದಾರ ಕಟ್ಟಿದ ಪೆನ್ನಿನ ಜೊತೆ.
ಅದನ್ನು ಕಾಯುವವಳೂ ನಾನೇ.
ವಾರವೆಲ್ಲ ಕೋಲು, ಭಾನುವಾರ ಪೆನ್ನು.

ಮೂರು ವರ್ಷದ ಕೂಸುಗಳ ಅಪ್ಪ ಅಮ್ಮಂದಿರು
ಕೊನೆಯ ಕೀರ್ತನೆಗೆ ಓಡಿಬಂದು ಸಹಿ ಹಾಕುವುದನ್ನು ಕಂಡಿದ್ದೇನೆ.
ಏಪ್ರಿಲ್‌ನಲ್ಲಿ ಶಾಲೆಯ ಪತ್ರ ಬಂದ ಮರುವಾರ
ಬೆಂಚುಗಳು ಮಳೆ ನಿಂತ ಮೇಲಿನ ಛತ್ರಿಯಂಗಡಿ.
ನಗುವುದಿಲ್ಲ ನಾನು.
ರುಡೋ ಮುಕೊಂಬೆ ಬಂದದ್ದೂ ಸೀಟಿಗೇ;
ಮಗ ಶಾಲೆ ಮುಗಿಸಿ ಆರು ವರ್ಷವಾಯಿತು,
ಇವತ್ತಿಗೂ ಆಕೆ ಬರದಿದ್ದರೆ ನಮ್ಮ ಹಾಡಿಗೆ ತಳವಿಲ್ಲ.

ಹದಿನೆಂಟನೇ ನಂಬರಿನ ಗ್ಯಾರತ್ ಥ್ವೇಟ್
ಉಪ್ಪಿನ ಲಾರಿ ಓಡಿಸುತ್ತಾನೆ.
ನೀರು ಹೆಪ್ಪುಗಟ್ಟುವ ತಿಂಗಳುಗಳಲ್ಲಿ ಶನಿವಾರ ರಾತ್ರಿಯಿಡೀ
ಗುಡ್ಡದ ರಸ್ತೆಗೆ ಉಪ್ಪು ಚೆಲ್ಲಿ
ಬೆಳಗ್ಗೆ ಬೂಟು ಬಿಚ್ಚದೆ ನಿದ್ದೆ ಹೋಗುತ್ತಾನೆ.
ಆ ಉಪ್ಪಿನ ಮೇಲೆ ಜಾರದೆ ನಡೆದು ಬಂದು
ನಾವು ದೇವರ ಮುಂದೆ ಮೊಣಕಾಲೂರಿದೆವು.
ಅವನ ಹೆಸರಿನೆದುರು ಒಂಬತ್ತು ಚೌಕ ಖಾಲಿ.

ಅರ್ಜಿಯ ಗಡುವಿಗೆ ಮುಂಚೆ ಒಂದು ಮಧ್ಯಾಹ್ನ,
ಮೇಣದ ಕಲೆ ಕೆರೆಯುತ್ತ ಒಬ್ಬಳೇ ಇದ್ದೆ.
ಅವನ ಸಹಿ ಹೇಗಿದೆಯೆಂದು ನೋಡಿಯೂ ನೋಡಿದೆ:
ಮೊದಲಿಗೊಂದು ಕೊಕ್ಕೆ, ಮಿಕ್ಕದ್ದೆಲ್ಲ ಎಳೆದ ಗೀಟು.
ಯಾರಿಗೆ ಗೊತ್ತಾಗುತ್ತಿತ್ತು?
ಹಾಕಲಿಲ್ಲ.
ಪ್ರಾಮಾಣಿಕಳು ಎಂದುಕೊಂಡೆ, ಆಗ.

ದೇವರು ಕೊಟ್ಟರೂ ಪಟ್ಟಿ ಕೊಡಲಿಲ್ಲ.
ಪಟ್ಟಿ ಗೆರೆಯತ್ತ ಬೆರಳು ಮಾಡಿತು,
ಗೆರೆ ಪಟ್ಟಿಯತ್ತ.
ಯಾರೂ ಸುಳ್ಳು ಹೇಳಲಿಲ್ಲ; ಮೇಲ್ಮನವಿಯಲ್ಲಿ
ಎಲ್ಲರೂ ಸೌಜನ್ಯದಿಂದಲೇ ಮಾತಾಡಿದರಂತೆ, ಟೀ ಕೂಡ ಕೊಟ್ಟರಂತೆ.

ಅವನ ಮಗಳು ಎಟ್ಟಾಗೆ ಸಿಕ್ಕಿದ್ದು ಕಾಲುವೆಯಾಚೆಯ ಶಾಲೆ,
ಎರಡೂವರೆ ಮೈಲಿ, ಕೌನ್ಸಿಲ್ ಖರ್ಚಿನ ಟ್ಯಾಕ್ಸಿ.
ಎರಡು ಶಾಲೆಯ ಗಂಟೆ ಕೇಳುತ್ತ
ಗೇಟಿನ ಕೆಳಗಂಬಿ ಹತ್ತಿ ನಿಂತಿರುತ್ತಾಳೆ.
ಅವಳು ಈ ರಸ್ತೆ ದಾಟಬೇಕಿಲ್ಲ.

ಮೊನ್ನೆ ಕೇಳಿದಳು:
‘ನನ್ನನ್ನೂ ಒಂದ್ಸಲ ದಾಟಿಸ್ತೀಯಾ?’

ಕೋಲೆತ್ತಿದೆ. ಇಟ್ಟಿಗೆ ಲಾರಿ ನಿಂತಿತು.
ಆ ಬದಿಗೆ ಹೋದೆವು,
ಹನ್ನೊಂದನೇ ನಂಬರಿನ ಬೆಕ್ಕನ್ನು ಮುಟ್ಟಿ
ಈ ಬದಿಗೆ ಬಂದೆವು.
ಟ್ಯಾಕ್ಸಿಯವನು ಗಡಿಯಾರ ನೋಡಿಕೊಂಡ.